ಬ್ರೆಕ್ಸಿಟ್ ಆದ ಮೇಲೆ ಗ್ರಾಹಕರ ಹಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಊಟಕ್ಕೆ ಕೂತಾಗ, ವಾಟ್ಸಾಪ್ ಗುಂಪಿನಲ್ಲಿ, ಒಂದೊಂದು ಸಲ ಗುರುತಿಲ್ಲದವರ ಪತ್ರದಲ್ಲೂ, ಬ್ರಿಟನ್ನಿನಲ್ಲಿರುವ ನಮ್ಮ ಜನ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿ ಒಂದೇ ಕಡೆ ಹಾಕಿದ್ದೇನೆ. ನಾನು ವಕೀಲನಲ್ಲ. ಬಿಲ್ಲು, ರಸೀದಿ ಎತ್ತಿಟ್ಟುಕೊಳ್ಳುವ ಚಟ ಇರುವ ಮನುಷ್ಯ, ಅಷ್ಟೇ. ದೊಡ್ಡ ಮೊತ್ತದ ವಿಷಯವಾದರೆ, ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗೆ ಫೋನ್ ಮಾಡಿ.

## ಮೊದಲಿಂದ ಶುರು ಮಾಡೋಣ

ಬ್ರೆಕ್ಸಿಟ್, ಅಂದ್ರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಗೆ ಬಂದಿದ್ದು, ಯಾವಾಗ ಅಂತ ಲೆಕ್ಕ? 2016 ಅಂತಾರೆ, 2020 ಅಂತಾರೆ, 2021 ಅಂತಾರೆ.

ಮೂರೂ ಸರಿ. 2016ರ ಜೂನ್ 23ರಂದು ಜನಮತ ನಡೆಯಿತು. ಬಿಟ್ಟು ಹೋಗೋಣ ಅಂದವರು ಶೇಕಡ 51.9. ಅಧಿಕೃತವಾಗಿ ಹೊರಗೆ ಬಂದದ್ದು 2020ರ ಜನವರಿ 31ರ ರಾತ್ರಿ 11 ಗಂಟೆಗೆ. ಹನ್ನೆರಡಕ್ಕೆ ಯಾಕಲ್ಲ ಅಂದರೆ ಆಗ ಒಕ್ಕೂಟದ ಮುಖ್ಯ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಹನ್ನೆರಡಾಗಿತ್ತು. ಹೊರಗೆ ಬರುವ ಮುಹೂರ್ತವೂ ಅವರ ಗಡಿಯಾರದ ಪ್ರಕಾರವೇ! ಆದರೆ 2020ರ ಡಿಸೆಂಬರ್ 31ರ ತನಕ ಹಳೆಯ ನಿಯಮಗಳೇ ನಡೆದವು. ಹಾಗಾಗಿ ನಮ್ಮ ನಿಮ್ಮಂಥ ಕೊಳ್ಳುವವರಿಗೆ ಲೆಕ್ಕಕ್ಕೆ ಬರುವ ದಿನ 2021ರ ಜನವರಿ 1.

ಅದೆಲ್ಲ ದೊಡ್ಡವರ ವ್ಯಾಪಾರ ಒಪ್ಪಂದ. ನಾನು ಬೂಟು ತಗೊಳ್ಳೋದಕ್ಕೂ ಒಕ್ಕೂಟಕ್ಕೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಐರೋಪ್ಯ ಒಕ್ಕೂಟ ಅಂದರೆ ಸುಂಕ ಇಲ್ಲದ ಸಂತೆ ಮಾತ್ರ ಅಲ್ಲ. ಆ ಸಂತೆಯಲ್ಲಿ ಎಲ್ಲರ ತಕ್ಕಡಿಯೂ ಒಂದೇ ಇರಬೇಕು ಅನ್ನುವುದು ಅದರ ಮೂಲ. ಆಟಿಕೆಗೆ ಬಳಿಯುವ ಬಣ್ಣ, ತಡವಾದ ವಿಮಾನ, ಆನ್‌ಲೈನ್ ಖರೀದಿ, ಎಲ್ಲದಕ್ಕೂ ಸದಸ್ಯ ದೇಶಗಳು ಕೂಡಿ ನಿಯಮ ಮಾಡುತ್ತವೆ. ಅದಕ್ಕಿಂತ ಮುಖ್ಯ, ಆ ನಿಯಮ ಗಡಿಯಾಚೆಯೂ ನಡೆಯುವ ಹಾಗೆ ನೋಡಿಕೊಳ್ಳುವ ಏರ್ಪಾಡು ಇದೆ. ಒಂದು ದೇಶದ ಅಧಿಕಾರಿ ಇನ್ನೊಂದು ದೇಶದ ಅಧಿಕಾರಿಗೆ ಪತ್ರ ಬರೆದು, "ನಿಮ್ಮೂರಿನ ಈ ಅಂಗಡಿ ನಮ್ಮವರಿಗೆ ಮೋಸ ಮಾಡ್ತಿದೆ, ನೋಡಿ" ಅನ್ನಬಹುದು. ಅವರು ನೋಡಲೇಬೇಕು.

ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದಾಗ ಆಗುತ್ತಲ್ಲ, ಹಾಗೆ ಆಯಿತು. ಬಿಂದಿಗೆ, ಕೊಡ ಎಲ್ಲ ಬ್ರಿಟನ್ನಿನ ಪಾಲಿಗೆ ಬಂತು. ಬಾವಿ ಹಗ್ಗ ಮಾತ್ರ ದೊಡ್ಡಮನೆಯಲ್ಲೇ ಉಳಿಯಿತು. ಅಂದರೆ ನಿಯಮಗಳು ಬಂದವು, ಅವನ್ನು ಗಡಿಯಾಚೆ ನಡೆಸುವ ಏರ್ಪಾಡು ಬರಲಿಲ್ಲ. ಕೆಳಗಿನ ಬಹುಪಾಲು ಉತ್ತರಗಳಲ್ಲಿ ಕಾಣುವುದು ಈ ಹಗ್ಗದ ಕಥೆಯೇ.

ಹಾಗಾದ್ರೆ ಯುರೋಪಿನ ಕಾನೂನೆಲ್ಲ ಒಂದೇ ದಿನಕ್ಕೆ ಬಿದ್ದುಹೋಯ್ತಾ?

ಇಲ್ಲ. ಬಿದ್ದಿದ್ದರೆ ಮಾರನೆಯ ದಿನ ಅಂಗಡಿ ತೆರೆಯುವುದೇ ಕಷ್ಟ ಇತ್ತು. 2018ರಲ್ಲೇ ಒಂದು ಕಾಯ್ದೆ ಮಾಡಿ, ಚಾಲ್ತಿಯಲ್ಲಿದ್ದ ಯುರೋಪಿನ ನಿಯಮಗಳನ್ನು ಯಥಾಪ್ರತಿ ಬ್ರಿಟಿಷ್ ಕಾನೂನಿಗೆ ನಕಲು ಮಾಡಿಕೊಂಡರು. ಆಮೇಲೆ ಒಂದು ಹುರುಪು ಬಂತು. 2023ರ ಕೊನೆಗೆ ಈ ನಕಲೆಲ್ಲ ತಾನಾಗೇ ರದ್ದಾಗಲಿ, ಬೇಕಾದ್ದನ್ನು ಮಾತ್ರ ಎತ್ತಿಟ್ಟುಕೊಳ್ಳೋಣ ಅಂತ. ಎಷ್ಟು ಕಾನೂನು ಇದೆ ಅಂತ ಎಣಿಸಲು ಹೊರಟರೆ ಎಣಿಕೆಯೇ ಮುಗಿಯಲಿಲ್ಲ, ಸಾವಿರಗಟ್ಟಲೆ ಬಂತು. 2023ರ ಮೇ ತಿಂಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ಕೊನೆಗೆ ತೆಗೆದುಹಾಕಿದ್ದು ಸುಮಾರು 600. ಅದರಲ್ಲೂ ಹೆಚ್ಚಿನವು ಹೇಗೂ ಸತ್ತುಹೋಗಿದ್ದ ಕಾಗದಗಳು. ಉಳಿದದ್ದಕ್ಕೆ 2024ರ ಜನವರಿಯಿಂದ ಹೊಸ ಹೆಸರು ಇಟ್ಟರು. ಹೆಸರು ಬದಲಾಯಿತು, ಒಳಗಿನ ಹೂರಣ ಹೆಚ್ಚುಕಡಿಮೆ ಅದೇ.

ಇಲ್ಲಿನ ಅಂಗಡಿಯಲ್ಲಿ ತಗೊಂಡ ಮಿಕ್ಸಿ ಎರಡೇ ವಾರಕ್ಕೆ ಕೆಟ್ಟುಹೋಯ್ತು. ಮೊದಲಿನ ಹಾಗೇ ವಾಪಸ್ ಕೊಡಬಹುದಾ?

ಧಾರಾಳವಾಗಿ. ಇದು 2015ರ ಗ್ರಾಹಕ ಹಕ್ಕು ಕಾಯ್ದೆಯ ವಿಷಯ. ಅದು ಬ್ರಿಟನ್ನಿನ ಸ್ವಂತ ಕಾಯ್ದೆ, ಬ್ರೆಕ್ಸಿಟ್ ಅದನ್ನು ಮುಟ್ಟಿಲ್ಲ. ಕೆಟ್ಟ ಮಾಲಾದರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. 30 ದಿನ ದಾಟಿದರೆ ಅಂಗಡಿಯವರಿಗೆ ಒಂದು ಸಲ ರಿಪೇರಿ ಮಾಡಲು ಅಥವಾ ಬದಲಿ ಕೊಡಲು ಅವಕಾಶ ಕೊಡಬೇಕು. ಮೊದಲ ಆರು ತಿಂಗಳು ತಪ್ಪು ಮಾಲಿನದೇ ಅಂತ ಕಾನೂನು ಊಹಿಸಿಕೊಳ್ಳುತ್ತದೆ. ಅಲ್ಲ ಅನ್ನುವುದಾದರೆ ಅದನ್ನು ತೋರಿಸುವ ಹೊರೆ ಅಂಗಡಿಯವರದು. ಆಮೇಲೆ ಹೊರೆ ನಿಮ್ಮದು. ಕೋರ್ಟಿಗೆ ಹೋಗಲು ಇಂಗ್ಲೆಂಡಿನಲ್ಲಿ ಆರು ವರ್ಷ, ಸ್ಕಾಟ್ಲೆಂಡಿನಲ್ಲಿ ಐದು ವರ್ಷ ಕಾಲಾವಕಾಶ.

ಯುರೋಪಿನವರು ಕನಿಷ್ಠ ಎರಡು ವರ್ಷದ ಖಾತರಿ ಅನ್ನುತ್ತಾರಲ್ಲ, ಅದನ್ನು ಕೇಳಿ ಕೆಲವರು ನಮಗೆ ಅದು ಹೋಯಿತು ಅಂತ ಗಾಬರಿ ಆಗುತ್ತಾರೆ. ಲೆಕ್ಕ ಹಾಕಿ ನೋಡಿದರೆ ಇಲ್ಲಿನ ಅವಧಿಯೇ ಉದ್ದ.

ಇನ್ನೊಂದು ಮಾತು. "ಕಂಪನಿಗೆ ಫೋನ್ ಮಾಡಿ" ಅಂತ ಅಂಗಡಿಯವರು ಕೈ ತೊಳೆದುಕೊಳ್ಳಲು ನೋಡುತ್ತಾರೆ. ಬಿಡಬೇಡಿ. ನಿಮ್ಮ ಹತ್ತಿರ ದುಡ್ಡು ಇಸಕೊಂಡವರು ಅಂಗಡಿಯವರು, ಜವಾಬ್ದಾರಿಯೂ ಅವರದೇ.

ಆನ್‌ಲೈನ್‌ನಲ್ಲಿ ತರಿಸಿದ ಸೀರೆ ಬಣ್ಣ ಇಷ್ಟ ಆಗ್ಲಿಲ್ಲ ಅಂದ್ರೆ?

ಬ್ರಿಟನ್ನಿನ ಮಾರಾಟಗಾರರಾದರೆ, ಕೈಗೆ ಬಂದ ದಿನದಿಂದ 14 ದಿನದೊಳಗೆ ಬೇಡ ಅಂತ ತಿಳಿಸಬಹುದು, ಕಾರಣ ಕೊಡಬೇಕಿಲ್ಲ. ಮೂಲ ಯುರೋಪಿನದು, ಈಗಲೂ ಹಾಗೇ ಇದೆ. ನಿಮ್ಮ ಅಳತೆಗೆ ಹೊಲಿಸಿದ ರವಿಕೆಗೆ ಇದು ಅನ್ವಯಿಸುವುದಿಲ್ಲ.

## ಗಡಿಯಾಚೆ ಕೊಂಡರೆ

ಜರ್ಮನಿ ವೆಬ್‌ಸೈಟಿಂದ ತರಿಸಿದ್ರೆ ಬಾಗಿಲಲ್ಲಿ ನಿಂತು ಯಾಕೆ ಇನ್ನೊಂದು ಸಲ ದುಡ್ಡು ಕೇಳ್ತಾರೆ?

ಇದು ನನಗೇ ಆದದ್ದು. ಮಗಳಿಗೆ ಚಳಿಗಾಲದ ಬೂಟು ಅಲ್ಲಿಂದ ತರಿಸಿದೆ, ಸುಮಾರು 160 ಪೌಂಡ್. ಇಲ್ಲಿಗಿಂತ ಅಗ್ಗ ಅಂತ ಖುಷಿ. ಬೂಟು ಬರುವ ಮೊದಲು ಬಿಲ್ಲು ಬಂತು. ವ್ಯಾಟ್, ಸುಂಕ, ಅದರ ಮೇಲೆ ಅದನ್ನು ವಸೂಲಿ ಮಾಡಿದ್ದಕ್ಕೆ ಕೊರಿಯರ್‌ನವರ ಕೂಲಿ. ಮೇಲೆ ಅಳತೆಯೂ ಸರಿಹೋಗಲಿಲ್ಲ! ವಾಪಸ್ ಕಳಿಸಿ, ಕಟ್ಟಿದ ತೆರಿಗೆ ಹಿಂದೆ ಪಡೆಯಲು ಬೇರೆ ಫಾರಂ ತುಂಬಿ, ಕೊನೆಗೆ ದುಡ್ಡು ಬರುವಷ್ಟರಲ್ಲಿ ಹುಡುಗಿಯ ಕಾಲು ಇನ್ನೊಂದು ಅಳತೆಗೆ ಬೆಳೆದಿತ್ತು.

ನಿಯಮ ಹೀಗಿದೆ. ಸರಕಿನ ಬೆಲೆ 135 ಪೌಂಡ್ ಒಳಗಿದ್ದರೆ ಬ್ರಿಟನ್ನಿನ ವ್ಯಾಟ್ ಅನ್ನು ಮಾರುವವರೇ ವಸೂಲಿ ಮಾಡಬೇಕು, ಬಾಗಿಲಲ್ಲಿ ಏನೂ ಕೊಡಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ವ್ಯಾಟ್ ಗಡಿಯಲ್ಲಿ ಬೀಳುತ್ತದೆ, ಸುಂಕವೂ ಬೀಳಬಹುದು. "ಬೀಳಬಹುದು" ಯಾಕೆ ಅಂದೆ ಅಂದರೆ, 2020ರ ಕ್ರಿಸ್‌ಮಸ್ ಹಿಂದಿನ ದಿನ ಆದ ಒಪ್ಪಂದದ ಪ್ರಕಾರ ಯುರೋಪಿನಲ್ಲಿ ತಯಾರಾದ ಸರಕಿಗೆ ಸುಂಕ ಇಲ್ಲ. ತಯಾರಾದ ಅನ್ನುವ ಮಾತನ್ನು ಗಮನಿಸಿ. ಬೂಟು ಜರ್ಮನಿಯ ಗೋದಾಮಿನಿಂದ ಬಂತು ಅಂದ ಮಾತ್ರಕ್ಕೆ ಜರ್ಮನಿಯ ಬೂಟಾಗುವುದಿಲ್ಲ. ನನ್ನದು ಏಷ್ಯಾದಲ್ಲಿ ಹೊಲಿದದ್ದಾಗಿತ್ತು.

ಯಾರಾದರೂ ನಿಮಗೆ ಉಡುಗೊರೆ ಕಳಿಸಿದರೆ 39 ಪೌಂಡ್ ತನಕ ಏನೂ ಕಟ್ಟಬೇಕಿಲ್ಲ. ಊರಿಂದ ಅಮ್ಮ ಕಳಿಸುವ ಪಾರ್ಸಲ್‌ಗೂ ಇದೇ ಮಿತಿ.

ಸ್ಪೇನಿನ ಅಂಗಡಿಯವ ದುಡ್ಡು ನುಂಗಿ ಕೂತಿದ್ದಾನೆ. ಯಾರ ಹತ್ರ ಹೋಗ್ಲಿ?

ಹಗ್ಗ ಇಲ್ಲ ಅಂದೆನಲ್ಲ, ಅದು ಕೈಗೆ ಸಿಗದೆ ಹೋಗುವುದು ಇಲ್ಲೇ.

ಮೊದಲು ದಾರಿಗಳು ಹಲವಿದ್ದವು. ಒಕ್ಕೂಟದ ಆನ್‌ಲೈನ್ ವ್ಯಾಜ್ಯ ವೇದಿಕೆ ಇತ್ತು. 5000 ಯೂರೋ ತನಕ ಸಣ್ಣ ದಾವೆಗೆ ಸರಳ ವಿಧಾನ ಇತ್ತು. ನಿಮ್ಮೂರಿನ ಕೋರ್ಟಿನಲ್ಲಿ ಗೆದ್ದರೆ ಆ ತೀರ್ಪು ಸ್ಪೇನಿನಲ್ಲಿ ಹೆಚ್ಚು ರಗಳೆ ಇಲ್ಲದೆ ಜಾರಿಯಾಗುತ್ತಿತ್ತು. 2021ರಲ್ಲಿ ಬ್ರಿಟನ್ನಿನವರಿಗೆ ಈ ಮೂರೂ ಮುಚ್ಚಿದವು. ವ್ಯಾಜ್ಯ ವೇದಿಕೆ ಹೋಯಿತು ಅಂತ ಅಳಬೇಕಾಗಿಲ್ಲ ಬಿಡಿ, ಜನ ಬಳಸುವುದೇ ಕಡಿಮೆ ಅಂತ ಒಕ್ಕೂಟವೇ 2025ರ ಜುಲೈನಲ್ಲಿ ಅದಕ್ಕೆ ಬೀಗ ಹಾಕಿತು. ನಿಜವಾದ ನಷ್ಟ ತೀರ್ಪಿನ ಜಾರಿಯದು. ಗ್ರಾಹಕರು ತಮ್ಮೂರಿನಲ್ಲೇ ದಾವೆ ಹೂಡಬಹುದು ಅನ್ನುವ ಹಕ್ಕನ್ನು ಬ್ರಿಟನ್ ತನ್ನ ಕಾನೂನಿನಲ್ಲಿ ಉಳಿಸಿಕೊಂಡಿದೆ. ಆದರೆ ಲೀಡ್ಸ್‌ನಲ್ಲಿ ಗೆದ್ದ ಕಾಗದ ಹಿಡಿದು ಬಾರ್ಸಿಲೋನಾಗೆ ಹೋದರೆ ಅಲ್ಲಿನವರು ಅದಕ್ಕೆ ಕಿಮ್ಮತ್ತು ಕೊಡಬೇಕಲ್ಲ? ನಾಲ್ಕೂವರೆ ವರ್ಷ ಇದು ಆಯಾ ದೇಶದ ಮರ್ಜಿಗೆ ಬಿಟ್ಟದ್ದಾಗಿತ್ತು. ಒಂದು ದೇಶದ ತೀರ್ಪನ್ನು ಇನ್ನೊಂದು ದೇಶ ಒಪ್ಪಿ ಜಾರಿ ಮಾಡುವ 2019ರ ಹೇಗ್ ಒಪ್ಪಂದ 2025ರ ಜುಲೈ 1ರಿಂದ ಬ್ರಿಟನ್ನಿಗೂ ಅನ್ವಯವಾಗಿದೆ. ಅವತ್ತಿನಿಂದ ಈಚೆಗೆ ಹೂಡಿದ ದಾವೆಗಳಿಗೆ ಒಂದು ದಾರಿ ಮತ್ತೆ ಸಿಕ್ಕಿದೆ. ಹಳೆಯದರಷ್ಟು ನುಣುಪಾದ ದಾರಿ ಅಲ್ಲ. ವಿಮಾನ, ಹಡಗಿನ ಪ್ರಯಾಣದ ಕೇಸುಗಳು ಅದರ ಹೊರಗೆ.

ಆದರೆ ಇದೆಲ್ಲಕ್ಕಿಂತ ಮೊದಲು ನಿಮ್ಮ ಪರ್ಸು ನೋಡಿಕೊಳ್ಳಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದೀರಾ? ಹಾಗಾದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಇದೆ. ಸರಕಿನ ಬೆಲೆ 100 ಪೌಂಡಿಗಿಂತ ಹೆಚ್ಚು, 30,000 ಮೀರದೆ ಇದ್ದರೆ ಅಂಗಡಿಯವರ ಜೊತೆ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆ. ಅಂಗಡಿ ಸ್ಪೇನಿನಲ್ಲಿರಲಿ, ಚಿಕ್ಕಪೇಟೆಯಲ್ಲಿರಲಿ. ವಿದೇಶದ ಖರೀದಿಗೂ ಇದು ನಡೆಯುತ್ತದೆ ಅಂತ 2007ರಲ್ಲೇ ಇಲ್ಲಿನ ಅತ್ಯುನ್ನತ ನ್ಯಾಯಪೀಠ ಹೇಳಿಯಾಗಿದೆ. ಒಕ್ಕೂಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಡೆಬಿಟ್ ಕಾರ್ಡಾದರೆ ಚಾರ್ಜ್‌ಬ್ಯಾಕ್ ಕೇಳಿ, ಅಂದರೆ ಅಂಗಡಿಗೆ ಹೋದ ದುಡ್ಡನ್ನು ಬ್ಯಾಂಕ್ ವಾಪಸ್ ಎಳೆದುಕೊಡುವುದು. ಅದು ಕಾನೂನಿನ ಹಕ್ಕಲ್ಲ, ಕಾರ್ಡ್ ಕಂಪನಿಗಳ ಸ್ವಂತ ನಿಯಮ, ಆದರೂ ಬಹಳ ಸಲ ಕೆಲಸ ಆಗುತ್ತದೆ.

ಕಾರ್ಡ್ ಕಂಪನಿಗಳ ಮೇಲೆ ಇದ್ದ ಲಗಾಮು ಹೋಯ್ತು ಅಂತಾರೆ, ನಿಜಾನಾ?

ಅರ್ಧ ನಿಜ. ಅಂಗಡಿಯವರು ಬ್ಯಾಂಕಿಗೆ ಕೊಡುವ ಶುಲ್ಕಕ್ಕೆ ಒಕ್ಕೂಟ ಮಿತಿ ಹಾಕಿತ್ತು, ಡೆಬಿಟ್‌ಗೆ ಶೇಕಡ 0.2, ಕ್ರೆಡಿಟ್‌ಗೆ 0.3. ಬ್ರಿಟನ್ ಒಳಗೆ ಅದು ಈಗಲೂ ಇದೆ. ಆದರೆ ಬ್ರಿಟನ್ ಮತ್ತು ಯುರೋಪಿನ ನಡುವಿನ ಆನ್‌ಲೈನ್ ಖರೀದಿಗೆ ವೀಸಾ, ಮಾಸ್ಟರ್‌ಕಾರ್ಡ್ ಎರಡೂ 2021ರಲ್ಲಿ ಅದನ್ನು 1.15 ಮತ್ತು 1.5ಕ್ಕೆ ಏರಿಸಿದವು. ಕ್ರೆಡಿಟ್‌ಗೆ ಐದು ಪಟ್ಟು, ಡೆಬಿಟ್‌ಗೆ ಅದಕ್ಕೂ ಜಾಸ್ತಿ! ನಿಮ್ಮ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ, ಸರಕಿನ ಬೆಲೆಯಲ್ಲಿ ಬೆರೆತಿರುತ್ತದೆ.

ಪ್ಯಾರಿಸ್‌ಗೆ ಹೋದ್ರೆ ಫೋನ್ ಬಿಲ್ಲು?

ಒಕ್ಕೂಟದೊಳಗೆ 2017ರ ಜೂನ್ 15ರಿಂದ ರೋಮಿಂಗ್ ಶುಲ್ಕ ಇಲ್ಲ. ಬ್ರಿಟನ್ ಹೊರಗೆ ಬಂದ ಮೇಲೂ ಶುಲ್ಕ ತರುವ ಯೋಚನೆ ಇಲ್ಲ ಅಂತ ದೊಡ್ಡ ಕಂಪನಿಗಳು ಹೇಳಿದ್ದವು. 2022ರಲ್ಲಿ ಇಇ, ವೊಡಾಫೋನ್, ತ್ರೀ ಮೂರೂ ದಿನದ ಶುಲ್ಕ ತಂದವು. ಓ2 ತರಲಿಲ್ಲ. ತಡೆಯುವ ಕಾನೂನು ಇಲ್ಲದಿದ್ದರೆ ಮಾತು ಎಷ್ಟು ದಿನ ನಿಲ್ಲುತ್ತದೆ ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು. ಈಗ ಇರುವ ರಕ್ಷಣೆ ಅಂದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ ಆಫ್‌ಕಾಮ್‌ನ ನಿಯಮ. 2024ರ ಅಕ್ಟೋಬರ್‌ನಿಂದ, ನೀವು ಹೊರದೇಶದಲ್ಲಿ ಇಳಿದ ಕೂಡಲೇ ಶುಲ್ಕ ಎಷ್ಟು ಅಂತ ಕಂಪನಿ ಸ್ಪಷ್ಟವಾಗಿ ಮೆಸೇಜ್ ಕಳಿಸಬೇಕು.

## ಬೆಂಗಳೂರು ವಿಮಾನ

ಊರಿಗೆ ಹೋಗೋ ವಿಮಾನ ಐದು ಗಂಟೆ ಲೇಟು. ಪರಿಹಾರ ಸಿಗುತ್ತಾ? ಅದು ಯುರೋಪಿನ ನಿಯಮ ಅಲ್ವಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬಹಳ ಜನ ಬ್ರೆಕ್ಸಿಟ್ ಆದ ಮೇಲೆ ಇದು ಹೋಯಿತು ಅಂದುಕೊಂಡು ಸುಮ್ನೆ ಕೂರುತ್ತಾರೆ. ಹೋಗಿಲ್ಲ. ಬ್ರಿಟನ್ ಆ ನಿಯಮವನ್ನು ನಕಲು ಮಾಡಿ, ಯೂರೋ ಇದ್ದಲ್ಲಿ ಪೌಂಡ್ ಬರೆದಿಟ್ಟುಕೊಂಡಿದೆ. 1500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ 220 ಪೌಂಡ್, 3500ರ ತನಕ 350, ಅದಕ್ಕೂ ದೂರಕ್ಕೆ 520. ಲಂಡನ್‌ನಿಂದ ಬೆಂಗಳೂರಿಗೆ ಸುಮಾರು 8000 ಕಿಲೋಮೀಟರ್. ಹಾಗಾಗಿ ತಲುಪುವುದು ನಾಲ್ಕು ಗಂಟೆ ಅಥವಾ ಹೆಚ್ಚು ತಡವಾದರೆ ತಲಾ 520. ಮೂರರಿಂದ ನಾಲ್ಕು ಗಂಟೆಯಾದರೆ ಅರ್ಧ, 260. ಮಕ್ಕಳಿಗೂ ಟಿಕೆಟ್ ತೆಗೆಸಿದ್ದರೆ ಅವರಿಗೂ ಸಿಗುತ್ತದೆ. ನಾಲ್ಕು ಜನರ ಸಂಸಾರಕ್ಕೆ 2080 ಪೌಂಡ್, ಬಿಡುವ ಮೊತ್ತವಲ್ಲ.

ಆದರೆ ಯಾವ ದಿಕ್ಕು, ಯಾರ ವಿಮಾನ ಅನ್ನುವುದು ಮುಖ್ಯ. ಬ್ರಿಟನ್ನಿನಿಂದ ಹೊರಡುವ ಎಲ್ಲ ವಿಮಾನಕ್ಕೂ ನಿಯಮ ಅನ್ವಯ, ವಿಮಾನ ಭಾರತದ ಕಂಪನಿಯದೇ ಆಗಿರಲಿ. ವಾಪಸ್ ಬರುವಾಗ ಬೆಂಗಳೂರಿನಿಂದ ಹತ್ತಿದ್ದು ಬ್ರಿಟಿಷ್ ಅಥವಾ ಯುರೋಪಿನ ಕಂಪನಿಯಾದರೆ ಉಂಟು. ಭಾರತದ್ದೋ ಕೊಲ್ಲಿ ದೇಶದ್ದೋ ಆದರೆ ಇಲ್ಲ. ಭಾರತದ ವಿಮಾನಯಾನ ನಿರ್ದೇಶನಾಲಯದ ನಿಯಮ ಬೇರೆ ಇದೆ, ಅದರ ಮೊತ್ತ ಇದರ ಹತ್ತಿರವೂ ಬರುವುದಿಲ್ಲ.

ದುಬೈ, ದೋಹಾ ಮೂಲಕ ಹೋಗುವವರಿಗೆ ಒಂದು ಒಳಗುಟ್ಟು. ಒಂದೇ ಬುಕಿಂಗ್‌ನಲ್ಲಿ ಲಂಡನ್‌ನಿಂದ ಹೊರಟು, ಮೊದಲ ವಿಮಾನ ತಡವಾಗಿ ದುಬೈನಲ್ಲಿ ಎರಡನೆಯದು ತಪ್ಪಿದರೆ, ಲೆಕ್ಕ ಬೆಂಗಳೂರು ತಲುಪಿದ ಹೊತ್ತಿನದು. ಇದು 2017ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ಕೋರ್ಟ್ ಹೇಳಿದ್ದು. ಎರಡು ಟಿಕೆಟ್ ಬೇರೆ ಬೇರೆ ತೆಗೆಸಿದ್ದರೆ ಈ ಅನುಕೂಲ ಇಲ್ಲ. ಐವತ್ತು ಪೌಂಡ್ ಉಳಿಸಲು ಹೋಗಿ ಐನೂರು ಕಳೆದುಕೊಂಡವರನ್ನು ನೋಡಿದ್ದೇನೆ.

ಪೈಲಟ್‌ಗೆ ಹುಷಾರಿಲ್ಲ, ನಮ್ಮ ಕೈಲಿಲ್ಲ ಅಂತಾರೆ. ಸುಮ್ನಾಗಬೇಕಾ?

ಬೇಡ. ಬಿರುಗಾಳಿ, ವಿಮಾನ ನಿಯಂತ್ರಣ ಕೇಂದ್ರದ ತೊಂದರೆ ಇಂಥವಕ್ಕೆ ಪರಿಹಾರ ಇಲ್ಲ, ನಿಜ. ಆದರೆ 2018ರ ಜನವರಿಯಲ್ಲಿ ಮಿಲಾನ್‌ನಿಂದ ಲಂಡನ್‌ಗೆ ಬರಬೇಕಿದ್ದ ವಿಮಾನವೊಂದು ಪೈಲಟ್‌ಗೆ ಹುಷಾರು ತಪ್ಪಿ ರದ್ದಾಯಿತು. ದಂಪತಿ ಬಿಡದೆ ಹೋರಾಡಿದರು. ಕಂಪನಿಯೂ ಬಿಡಲಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಸಿಬ್ಬಂದಿಗೆ ಕಾಯಿಲೆ ಬರುವುದು ವಿಮಾನ ಕಂಪನಿಯ ದಿನನಿತ್ಯದ ವ್ಯವಹಾರದೊಳಗಿನ ಮಾತು, ಅಸಾಧಾರಣ ಅಲ್ಲ. ಕೆಲವು ನೂರು ಪೌಂಡಿಗೆ ಆರೂವರೆ ವರ್ಷ! ಆ ದಂಪತಿಗೆ ನಾವೆಲ್ಲ ಒಂದು ಕಾಫಿ ಕೊಡಿಸಬೇಕು.

## ಅಡುಗೆಮನೆ, ಆಟಿಕೆ, ಚಾರ್ಜರ್

ಆಟಿಕೆ ಮೇಲೆ ಸಿಇ ಅಂತ ಇರ್ತಿತ್ತು, ಈಗ ಯುಕೆಸಿಎ ಅಂತ ಬೇರೆ ಇದೆ. ಯಾವುದು ನೋಡಬೇಕು?

ಯಾವುದಿದ್ದರೂ ಆದೀತು. ಸಿಇ ಅನ್ನುವುದು ಯುರೋಪಿನ ಸುರಕ್ಷತಾ ನಿಯಮ ಪಾಲಿಸಿದ್ದೇವೆ ಅಂತ ತಯಾರಕರು ಹಾಕುವ ಗುರುತು. 2021ರಲ್ಲಿ ಬ್ರಿಟನ್ ತನ್ನದೇ ಯುಕೆಸಿಎ ಗುರುತು ಶುರು ಮಾಡಿತು. ಎಲ್ಲರೂ ಅದನ್ನೇ ಹಾಕಬೇಕು ಅಂತ ಗಡುವು ಕೊಟ್ಟರು, ಮುಂದಕ್ಕೆ ಹಾಕಿದರು, ಮತ್ತೆ ಹಾಕಿದರು. ಅದೇ ಆಟಿಕೆ, ಅದೇ ಪರೀಕ್ಷೆ, ಎರಡು ಸಲ ಖರ್ಚು ಅಂತ ತಯಾರಕರು ಗೋಳಾಡಿದರು. 2023ರ ಆಗಸ್ಟ್‌ನಲ್ಲಿ, ಹೆಚ್ಚಿನ ಸರಕುಗಳಿಗೆ ಸಿಇ ಗುರುತನ್ನೇ ಅನಿರ್ದಿಷ್ಟ ಕಾಲ ಒಪ್ಪುತ್ತೇವೆ ಅಂದರು. ಅಲ್ಲಿಗೆ ಮುಗಿಯಿತು. ಸ್ವಂತ ಗುರುತು ಇದೆ, ಹಾಕಲೇಬೇಕಾದವರು ಬಹಳ ಇಲ್ಲ.

ಯಾವುದೋ ಆಟಿಕೆ ಅಪಾಯಕಾರಿ ಅಂತ ಯುರೋಪಲ್ಲಿ ಹಿಂದಕ್ಕೆ ತಗೊಂಡ್ರೆ ಇಲ್ಲಿ ನಮಗೆ ಗೊತ್ತಾಗುತ್ತಾ?

ಮೊದಲು ಕೂಡಲೇ ಗೊತ್ತಾಗುತ್ತಿತ್ತು. ಸೇಫ್ಟಿ ಗೇಟ್ ಅನ್ನುವ ಎಚ್ಚರಿಕೆ ಜಾಲ ಇದೆ. ಪೋಲೆಂಡಿನ ಅಧಿಕಾರಿ ಒಂದು ಬೊಂಬೆಯಲ್ಲಿ ವಿಷದ ಬಣ್ಣ ಕಂಡರೆ ಅದು ಎಲ್ಲ ದೇಶದ ಅಧಿಕಾರಿಗಳಿಗೂ ಮುಟ್ಟುತ್ತದೆ. ಆಹಾರಕ್ಕೆ ಇಂಥದ್ದೇ ಇನ್ನೊಂದು ಜಾಲ. ಬ್ರಿಟನ್ ಎರಡರಿಂದಲೂ ಹೊರಗೆ. ಆಹಾರದ ಜಾಲದಿಂದ ಈಗ ಬ್ರಿಟನ್ನಿಗೆ ಸಂಬಂಧಪಟ್ಟ ಸರಕಿನ ಸುದ್ದಿ ಮಾತ್ರ ಹೊರಗಿನವರಿಗೆ ಕೊಡುವ ಹಾಗೆ ಬರುತ್ತದೆ. ಬ್ರಿಟನ್ ತನ್ನದೇ ದಾಖಲೆ ವ್ಯವಸ್ಥೆ ಕಟ್ಟಿಕೊಂಡಿದೆ, 2018ರಲ್ಲಿ ಹುಟ್ಟಿದ ಉತ್ಪನ್ನ ಸುರಕ್ಷತಾ ಕಚೇರಿ ಅದನ್ನು ನೋಡಿಕೊಳ್ಳುತ್ತದೆ. ಆದರೆ ಇಪ್ಪತ್ತೇಳು ಜೊತೆ ಕಣ್ಣು ನೋಡುವುದಕ್ಕೂ ಒಂದು ಜೊತೆ ನೋಡುವುದಕ್ಕೂ ವ್ಯತ್ಯಾಸ ಇದೆಯಲ್ಲ. ಸೇಫ್ಟಿ ಗೇಟ್‌ನ ಪಟ್ಟಿ ಸಾರ್ವಜನಿಕ, ಯಾರು ಬೇಕಾದರೂ ನೋಡಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆಗೊಮ್ಮೆ ಈಗೊಮ್ಮೆ ನೋಡಿ.

ಎಲ್ಲಾ ಫೋನಿಗೂ ಒಂದೇ ಚಾರ್ಜರ್ ಅನ್ನೋ ನಿಯಮ ಬ್ರಿಟನ್‌ಗೆ ಇಲ್ವಂತೆ?

ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಯುಎಸ್‌ಬಿ-ಸಿ ಕಡ್ಡಾಯ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಆ ಕಾನೂನು ಬರಲಿಲ್ಲ. ಆದರೆ ಆಪಲ್ 2023ರ ಸೆಪ್ಟೆಂಬರ್‌ನಲ್ಲೇ ಐಫೋನ್ 15ಕ್ಕೆ ಅದನ್ನು ಹಾಕಿತು, ಲಂಡನ್ನಿಗೂ ಹಾಕಿತು, ಬೆಂಗಳೂರಿಗೂ ಹಾಕಿತು. ದೊಡ್ಡ ಮಾರುಕಟ್ಟೆಗೆ ಒಂದು, ಸಣ್ಣದಕ್ಕೆ ಇನ್ನೊಂದು ಅಂತ ಯಾರು ಫೋನ್ ಮಾಡುತ್ತಾರೆ? ಇದಕ್ಕೆ ಬ್ರಸೆಲ್ಸ್ ಎಫೆಕ್ಟ್ ಅಂತಲೇ ಹೆಸರಿದೆ.

ಬ್ರಿಟನ್ ಊಟ ಕಳಪೆ ಆಗಿದ್ಯಾ? ಕ್ಲೋರಿನ್ ಕೋಳಿ ಅಂತೆಲ್ಲಾ ಹೇಳ್ತಿದ್ರಲ್ಲ.

ಕ್ಲೋರಿನ್ ನೀರಿನಲ್ಲಿ ತೊಳೆದ ಕೋಳಿಗೆ ಯುರೋಪ್ 1997ರಲ್ಲಿ ನಿಷೇಧ ಹಾಕಿತು, ಬ್ರಿಟನ್ ಅದನ್ನು ಉಳಿಸಿಕೊಂಡಿದೆ. ಆ ಗದ್ದಲದಲ್ಲಿ ಸದ್ದಿಲ್ಲದ ವ್ಯತ್ಯಾಸಗಳು ಯಾರ ಕಣ್ಣಿಗೂ ಬೀಳಲಿಲ್ಲ. ಟೈಟೇನಿಯಂ ಡೈಆಕ್ಸೈಡ್ ಅಂತ ಒಂದು ಬಿಳಿ ಬಣ್ಣ ಇದೆ, ಇ171. ಮಿಠಾಯಿ, ಕೇಕ್ ಅಲಂಕಾರಕ್ಕೆ ಹಾಕುತ್ತಾರೆ. ಅದು ಸುರಕ್ಷಿತ ಅಂತ ಹೇಳಲು ಆಗುವುದಿಲ್ಲ ಅಂತ ಒಕ್ಕೂಟ 2022ರಲ್ಲಿ ಆಹಾರದಲ್ಲಿ ನಿಷೇಧಿಸಿತು. ಬ್ರಿಟನ್ನಿನ ತಜ್ಞರು ಅದೇ ಮಾಹಿತಿ ನೋಡಿ ಒಪ್ಪಲಿಲ್ಲ, ಇಲ್ಲಿ ಈಗಲೂ ಹಾಕಬಹುದು. ಯಾರು ಸರಿ ಅಂತ ಹೇಳುವಷ್ಟು ವಿಜ್ಞಾನ ನನಗೆ ಬರುವುದಿಲ್ಲ. ಪೊಟ್ಟಣದ ಹಿಂಬದಿ ಓದುವುದಂತೂ ಬರುತ್ತದೆ, ನಾನು ಅದಿದ್ದರೆ ಮಕ್ಕಳಿಗೆ ತರುವುದಿಲ್ಲ.

ನಮ್ಮ ಮಸಾಲೆ ಪುಡಿಗೂ ಏನೋ ತಕರಾರು ಬಂದಿತ್ತಲ್ಲ?

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳು ಎಥಿಲೀನ್ ಆಕ್ಸೈಡ್ ಕಾರಣಕ್ಕೆ ಭಾರತದ ಕೆಲವು ಮಸಾಲೆಗಳ ಮೇಲೆ ಕ್ರಮ ತಗೊಂಡವು. ಅದು ರೋಗಾಣು ಕೊಲ್ಲಲು ಹಾಯಿಸುವ ಅನಿಲ. ಮುಂದಿನ ತಿಂಗಳೇ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಭಾರತದ ಎಲ್ಲ ಮಸಾಲೆಗಳ ಮೇಲೆ ಹೆಚ್ಚಿನ ತಪಾಸಣೆ ಹಾಕಿತು. ಬ್ರೆಕ್ಸಿಟ್‌ಗೆ ಮುಂಚೆಯಾಗಿದ್ದರೆ ಇಂಥ ತೀರ್ಮಾನ ಬ್ರಸೆಲ್ಸ್‌ನಲ್ಲಿ ಆಗುತ್ತಿತ್ತು. ಊರಿಂದ ಹುರಿದು ಪುಡಿ ಮಾಡಿಸಿ ತರುವ ಮನೆಯ ಸಾರಿನ ಪುಡಿಗೂ ಇದಕ್ಕೂ ಸಂಬಂಧ ಇಲ್ಲ, ಹೆದರಬೇಡಿ.

ಯೂರೋಸ್ಟಾರ್ ರೈಲಿನಲ್ಲಿ ಪ್ಯಾರಿಸ್‌ಗೆ ಹೋಗುವಾಗ ಮೊಸರನ್ನ ಕಟ್ಟಿಕೊಂಡು ಹೋಗಬಹುದಾ?

ಆಗುವುದಿಲ್ಲ. ಬ್ರಿಟನ್ನಿನಿಂದ ಒಕ್ಕೂಟಕ್ಕೆ ಮಾಂಸ, ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. 2021ರ ಜನವರಿಯಲ್ಲಿ ಹಾಲೆಂಡಿನ ಬಂದರಿನಲ್ಲಿ ಲಾರಿ ಚಾಲಕರ ಹ್ಯಾಮ್ ಸ್ಯಾಂಡ್‌ವಿಚ್ಚನ್ನೇ ಕಿತ್ತುಕೊಂಡರು, ಟಿವಿಯಲ್ಲೂ ಬಂತು. ಪುಳಿಯೋಗರೆ ಕಟ್ಟಿಕೊಳ್ಳಿ.

## ಸ್ವಲ್ಪ ಆಳಕ್ಕೆ

ಅಂಗಡಿಯಲ್ಲಿ ಹಾಲಿನ ಮೇಲೆ "ನಾಟ್ ಫಾರ್ ಇಯು" ಅಂತ ಇದೆ. ಯುರೋಪಿನವರು ಬೇಡ ಅಂದ ಮಾಲು ನಮಗೆ ಕೊಡ್ತಿದ್ದಾರಾ?

ಅಲ್ಲ. ಇದು ಉತ್ತರ ಐರ್ಲೆಂಡಿನ ಕಥೆ.

ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು. ಪಕ್ಕದ ಐರ್ಲೆಂಡ್ ಒಕ್ಕೂಟದ ಸದಸ್ಯ. ನಡುವೆ ಚೆಕ್‌ಪೋಸ್ಟ್ ಬಂದರೆ, ಅಲ್ಲಿನ ದಶಕಗಳ ಹಿಂಸೆಗೆ ಕೊನೆ ಹಾಡಿದ 1998ರ ಶಾಂತಿ ಒಪ್ಪಂದಕ್ಕೇ ಪೆಟ್ಟು ಅಂತ ಎಲ್ಲರಿಗೂ ಭಯ. ಹಾಗಾಗಿ ಸರಕಿನ ವಿಷಯದಲ್ಲಿ ಉತ್ತರ ಐರ್ಲೆಂಡ್ ಒಕ್ಕೂಟದ ಹಲವು ನಿಯಮಗಳಲ್ಲೇ ಉಳಿಯಿತು. ಒಂದೇ ಚಾರ್ಜರ್ ನಿಯಮ ಅಲ್ಲಿಗೆ ಅನ್ವಯ, ಇ171 ನಿಷೇಧವೂ ಅನ್ವಯ. ತಪಾಸಣೆಯೆಲ್ಲ ನಡುವಿನ ಸಮುದ್ರಕ್ಕೆ ಹೋಯಿತು, ಅಂದರೆ ಒಂದೇ ದೇಶದ ಒಳಗೆ! ಅದರಿಂದ ಸೂಪರ್‌ಮಾರ್ಕೆಟ್ ಲಾರಿಗಳಿಗೆ ತಲೆನೋವು. 2023ರ ಫೆಬ್ರವರಿ 27ರ ವಿಂಡ್ಸರ್ ಒಪ್ಪಂದ ಅದನ್ನು ಸಡಿಲ ಮಾಡಿತು. ಉತ್ತರ ಐರ್ಲೆಂಡಿನಲ್ಲೇ ತಿಂದು ಮುಗಿಯುವ ಸರಕಾದರೆ ಸುಲಭದ ದಾರಿ, ಆದರೆ ಗಡಿ ದಾಟಿ ಒಕ್ಕೂಟಕ್ಕೆ ನುಸುಳಬಾರದು ಅಂತ ಈ ಚೀಟಿ ಹಚ್ಚಬೇಕು. 2023ರ ಅಕ್ಟೋಬರ್‌ನಿಂದ 2025ರ ಜುಲೈ ತನಕ ಹಂತ ಹಂತವಾಗಿ ಬಂತು. ಇಡೀ ಬ್ರಿಟನ್ನಿಗೆ ಕಡ್ಡಾಯ ಮಾಡುವ ಯೋಚನೆಯನ್ನು ಕೈಬಿಟ್ಟರು, ಆದರೂ ಎರಡು ಥರ ಪೊಟ್ಟಣ ಅಚ್ಚು ಹಾಕಿಸುವ ಬದಲು ಹಲವು ಕಂಪನಿಗಳು ಎಲ್ಲ ಕಡೆಗೂ ಅದನ್ನೇ ಕಳಿಸುತ್ತಿವೆ. ಹಾಲು ಹಾಲೇ, ಕುಡಿಯಿರಿ.

ನಾನು ಮನೆಯಲ್ಲೇ ಜುಮುಕಿ ಮಾಡಿ ಮಾರ್ತೀನಿ ಅಣ್ಣ. ಡಬ್ಲಿನ್‌ನಿಂದ ಆರ್ಡರ್ ಬಂದಿದೆ, ಕಳಿಸ್ಲಾ?

ಸ್ವಲ್ಪ ತಡಿ ತಂಗಿ. 2024ರ ಡಿಸೆಂಬರ್ 13ರಿಂದ ಒಕ್ಕೂಟದಲ್ಲಿ ಸರಕು ಸುರಕ್ಷತೆಯ ಹೊಸ ನಿಯಮ ಬಂದಿದೆ. ಹೊರಗಿನಿಂದ ಮಾರುವವರಿಗೆ ಒಕ್ಕೂಟದೊಳಗೆ ಅಥವಾ ಉತ್ತರ ಐರ್ಲೆಂಡಿನಲ್ಲಿ ಒಬ್ಬ ಜವಾಬ್ದಾರರು ಇರಬೇಕು, ಅವರ ಹೆಸರು ವಿಳಾಸ ಸರಕಿನ ಜೊತೆ ಇರಬೇಕು. ಅಪಾಯ ಏನೇನು ಅಂತ ಲೆಕ್ಕ ಹಾಕಿದ ಕಾಗದವೂ ಬೇಕು. ನಿಯಮದ ಉದ್ದೇಶ ಒಳ್ಳೆಯದೇ, ಎಲ್ಲಿಂದಲೋ ಬರುವ ಹೆಸರಿಲ್ಲದ ಮಾಲಿಗೆ ತಡೆ ಹಾಕುವುದು. ಆದರೆ ಒಂದು ಜುಮುಕಿಗೆ ಒಬ್ಬ ಪ್ರತಿನಿಧಿ ಅಂದರೆ ಗಿಟ್ಟುತ್ತದಾ? ಬ್ರಿಟನ್ನಿನ ಹಲವು ಸಣ್ಣ ಕುಶಲಕರ್ಮಿಗಳು ಒಕ್ಕೂಟಕ್ಕೂ ಬೆಲ್‌ಫಾಸ್ಟ್‌ಗೂ ಕಳಿಸುವುದನ್ನೇ ನಿಲ್ಲಿಸಿದರು. ಪ್ರತಿನಿಧಿ ಕೆಲಸವನ್ನು ವರ್ಷಕ್ಕಿಷ್ಟು ಅಂತ ಮಾಡಿಕೊಡುವ ಕಂಪನಿಗಳಿವೆ. ವರ್ಷಕ್ಕೆ ಎಷ್ಟು ಆರ್ಡರ್ ಬರುತ್ತದೆ ಅಂತ ಲೆಕ್ಕ ಹಾಕಿ ಆಮೇಲೆ ತೀರ್ಮಾನ ಮಾಡು.

ಬರೀ ಕಳಕೊಂಡಿದ್ದೇ ಹೇಳ್ತೀರಿ. ಬ್ರಿಟನ್ ತಾನಾಗಿ ಏನೂ ಒಳ್ಳೇದು ಮಾಡಿಲ್ವಾ?

ಮಾಡಿದೆ. 2024ರ ಡಿಜಿಟಲ್ ಮಾರುಕಟ್ಟೆ ಮತ್ತು ಗ್ರಾಹಕ ಕಾಯ್ದೆ ನನ್ನ ಮಟ್ಟಿಗೆ ನಿಜವಾಗಿ ಒಳ್ಳೆಯದು. ಅದರ ಗ್ರಾಹಕ ಭಾಗ 2025ರ ಏಪ್ರಿಲ್ 6ರಂದು ಜಾರಿಗೆ ಬಂತು. ದುಡ್ಡು ಕೊಟ್ಟು ಬರೆಸಿದ ಸುಳ್ಳು ರಿವ್ಯೂ ನಿಷೇಧ. ಮೊದಲು 40 ಪೌಂಡ್ ಅಂತ ತೋರಿಸಿ, ಕೊನೆಯ ಪುಟದಲ್ಲಿ ತಪ್ಪಿಸಲಾಗದ ಶುಲ್ಕ ಸೇರಿಸಿ 58 ಮಾಡುವ ಆಟ ನಿಷೇಧ. ಮೊದಲು ಸ್ಪರ್ಧಾ ಪ್ರಾಧಿಕಾರ, ಅಂದರೆ ಮಾರುಕಟ್ಟೆಯ ಪೈಪೋಟಿ, ಗ್ರಾಹಕರ ಹಿತ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ತಪ್ಪಿತಸ್ಥರನ್ನು ಕೋರ್ಟಿಗೆ ಎಳೆದುಕೊಂಡು ಹೋಗಬೇಕಿತ್ತು. ಈಗ ತಾನೇ ವಿಚಾರಣೆ ಮಾಡಿ ಜಗತ್ತಿನ ಒಟ್ಟು ವಹಿವಾಟಿನ ಶೇಕಡ 10ರ ತನಕ ದಂಡ ಹಾಕಬಹುದು. ಒಕ್ಕೂಟದ ನಿಯಮದಲ್ಲಿ ದೇಶಗಳು ಇಡಬೇಕಾದ ದಂಡದ ಮಿತಿ ಕನಿಷ್ಠ ಶೇಕಡ 4. ಜಿಮ್, ಸ್ಟ್ರೀಮಿಂಗ್ ಚಂದಾ ಸುಲಭವಾಗಿ ನಿಲ್ಲಿಸುವ ನಿಯಮವೂ ಆ ಕಾಯ್ದೆಯಲ್ಲಿದೆ, ಅದರ ಜಾರಿ ಮಾತ್ರ ಮುಂದಕ್ಕೆ ಹೋಯಿತು.

ಆದರೂ ಒಂದು ಮಾತು ಇದೆ. ಈ ಪ್ರಾಧಿಕಾರ ಹಲ್ಲು ಬೆಳೆಸಿಕೊಂಡಿದ್ದು ಒಕ್ಕೂಟದ ಅಧಿಕಾರಿಗಳ ಸಹಕಾರ ಜಾಲದಿಂದ ಹೊರಬಿದ್ದ ಮೇಲೆ. ಮಾಡ್ರಿಡ್‌ನಲ್ಲಿ ಕೂತ ವಂಚಕನ ಕಾಗದಪತ್ರ ಬೇಕಾದರೆ ಈಗ ಕೇಳಿಕೊಳ್ಳಬೇಕು, ಮೊದಲು ಕೇಳುವ ಹಕ್ಕಿತ್ತು.

ಈಗ ಮತ್ತೆ ಯುರೋಪಿನ ನಿಯಮಕ್ಕೇ ವಾಪಸ್ ಹೋಗ್ತಾರಂತೆ ಹೌದಾ? ಹಾಗಾದ್ರೆ ಹೊರಗೆ ಬಂದಿದ್ದು ಯಾಕೆ?

ಪೂರ್ತಿ ಅಲ್ಲ, ಕೆಲವು ಕೋಣೆಗಳಿಗೆ. 2025ರ ಮೇ 19ರಂದು ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಎರಡೂ ಕಡೆಯವರು ಕೂತು, ಆಹಾರ, ಸಸ್ಯ, ಪ್ರಾಣಿಗಳ ವಿಷಯದಲ್ಲಿ ಒಂದು ಒಪ್ಪಂದದ ಕಡೆ ಹೋಗೋಣ ಅಂದರು. ಅದರ ತಿರುಳು ಏನೆಂದರೆ, ಒಕ್ಕೂಟ ನಿಯಮ ಬದಲಾಯಿಸಿದ ಹಾಗೆಲ್ಲ ಬ್ರಿಟನ್ ಕೂಡ ಬದಲಾಯಿಸಬೇಕು. ಬದಲಿಗೆ ಗಡಿಯ ತಪಾಸಣೆ, ಪ್ರಮಾಣಪತ್ರಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಒಕ್ಕೂಟದ ಕಾನೂನಿನ ಅರ್ಥ ಏನು ಅನ್ನುವ ಜಗಳ ಬಂದರೆ ಕೊನೆಯ ಮಾತು ಒಕ್ಕೂಟದ ನ್ಯಾಯಾಲಯದ್ದು. ನಿಯಮ ಮಾಡುವಾಗ ಬ್ರಿಟನ್ ಅಭಿಪ್ರಾಯ ಹೇಳಬಹುದು, ಓಟು ಹಾಕುವ ಹಾಗಿಲ್ಲ. ಯಂತ್ರ, ಆಟಿಕೆಯಂಥ ಸರಕುಗಳಿಗೆ 2025ರ ಜುಲೈನಲ್ಲಿ ಬೇರೆ ಕಾಯ್ದೆ ಬಂದಿದೆ. ಒಕ್ಕೂಟದ ಹೊಸ ನಿಯಮವನ್ನು ಅನುಸರಿಸಬೇಕೋ ಬೇಡವೋ ಅಂತ ಮಂತ್ರಿಗಳು ಒಂದೊಂದಾಗಿ ನೋಡಿ ತೀರ್ಮಾನಿಸಬಹುದು.

ಹೊರಗೆ ಬಂದದ್ದು ಯಾಕೆ ಅನ್ನುವುದನ್ನು ಓಟು ಹಾಕಿದವರನ್ನು ಕೇಳಬೇಕು. ಸದಸ್ಯನಾಗಿದ್ದಾಗ ಬ್ರಿಟನ್ ಆ ಮೇಜಿನ ದೊಡ್ಡ ದನಿಗಳಲ್ಲಿ ಒಂದು. ಔಷಧಿಗಳನ್ನು ಪರೀಕ್ಷಿಸುವ ಒಕ್ಕೂಟದ ಸಂಸ್ಥೆ ಲಂಡನ್ನಿನಲ್ಲೇ ಇತ್ತು, 2019ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಗಂಟುಮೂಟೆ ಕಟ್ಟಿತು. ಅದೇ ನಿಯಮ ಪಾಲಿಸುವುದಾದರೆ ಬರೆಯುವವರ ಸಾಲಿನಲ್ಲಿ ಇರುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಒಪ್ಪದವರು ನಮ್ಮ ಗುಂಪಿನಲ್ಲೇ ಇದ್ದಾರೆ, ಅವರ ಜೊತೆ ವಾದ ಮುಗಿದಿಲ್ಲ.

ನಮ್ಮದು ಚಿಕ್ಕಮಗಳೂರಿನಲ್ಲಿ ತೋಟ. ಎರಡು ಕಡೆ ಎರಡು ನಿಯಮ ಆದ್ರೆ ನಮಗೇನಾದ್ರೂ ತೊಂದರೆನಾ?

ಇದೆ, ತೋಟದ ಪಹಣಿಯ ತನಕ ಬರುತ್ತದೆ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು. ಅದರ ದೊಡ್ಡ ಗಿರಾಕಿ ಯುರೋಪ್, ಇಟಲಿ ಮುಂದಾಳು. ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಒಳಗೆ ಬರುವ ಹಾಗಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಯಿತು, ಆದರೆ ಕಾನೂನು ಹೋಗಿಲ್ಲ, ಕಾಫಿ ಮಂಡಳಿ ಬೆಳೆಗಾರರ ನೋಂದಣಿ ನಡೆಸಿದೆ. ಬ್ರಿಟನ್ ಇಂಥದ್ದೇ ಉದ್ದೇಶಕ್ಕೆ 2021ರ ತನ್ನ ಪರಿಸರ ಕಾಯ್ದೆಯಲ್ಲಿ ಬೇರೆ ದಾರಿ ಹಿಡಿಯಿತು. 2023ರಲ್ಲಿ ಸರ್ಕಾರ ಹೇಳಿದ ಪಟ್ಟಿಯಲ್ಲಿ ಕೋಕೋ, ಸೋಯಾ, ತಾಳೆ, ದನದ ಪದಾರ್ಥ ಇದ್ದವು, ಕಾಫಿ ಇರಲಿಲ್ಲ.

ಅಂದರೆ ಆ ಕಾನೂನು ಜಾರಿಯಾದ ಮೇಲೆ ಒಂದೇ ಕೊಯ್ಲಿನ ಎರಡು ಮೂಟೆ ಮಂಗಳೂರು ಬಂದರಿನಿಂದ ಹೊರಟರೆ, ಇಟಲಿಗೆ ಹೋಗುವ ಮೂಟೆಗೆ ತೋಟದ ನಕ್ಷೆ ಬೇಕು, ಇಂಗ್ಲೆಂಡಿಗೆ ಹೋಗುವುದಕ್ಕೆ ಬೇಡ. ಹಾಗಂತ ಬ್ರಿಟನ್ನಿಗೆ ಮಾತ್ರ ಮಾರೋಣ ಅಂತ ಯಾರೂ ಹೊರಡುವುದಿಲ್ಲ, ದೊಡ್ಡ ಗಿರಾಕಿ ಯುರೋಪೇ. ತೋಟದ ಹುಡುಗರ ಕೈಗೆ ಫೋನ್ ಕೊಟ್ಟು, ಬೇಲಿ ಸುತ್ತ ನಡೆಸಿ, ಅಳತೆ ಮಾಡಿಸಿಟ್ಟುಕೊಳ್ಳಿ.